ಈಸ್ಟರ್ ಹಬ್ಬದ ದಿನ ಬದಲಾಗುವುದೇಕೆ?

ಪ್ರಶ್ನೆ: ಕ್ರಿಸ್‌ಮಸ್ ಪ್ರತಿವರ್ಷವೂ ಡಿಸೆಂಬರ್ 25ಕ್ಕೇ ಬರುವಾಗ, ಈಸ್ಟರ್ ಮಾತ್ರ ಬೇರೆ ಬೇರೆ ದಿನಗಳಲ್ಲಿ ಬರುವುದೇಕೆ?

ಉತ್ತರ: ಯೇಸುಸ್ವಾಮಿಯ ಮರಣ ಪುನರುತ್ಥಾನಗಳು ಯೆಹೂದ್ಯರ ಪಸ್ಕ ಹಬ್ಬದ ಹುಣ್ಣಿಮೆಯ ಆಸುಪಾಸಿನಲ್ಲಿ ಸಂಭವಿಸಿದುವಾದ್ದರಿಂದ, ಪಾಶ್ಚಾತ್ಯ ಸಭೆಗಳು ಮಾರ್ಚ್ 21ರಂದು ಅಥವಾ ತದನಂತರ ತಮ್ಮ ಗಣನೆಯಂತೆ ಬರುವ ಹುಣ್ಣಿಮೆಯಾದ ಮೇಲಿನ ಮೊದಲ ಭಾನುವಾರವನ್ನೇ ಈಸ್ಟರ್ ಎಂದು ಆಚರಿಸುತ್ತವೆ, ಆದಕಾರಣ ಅದು ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಯಾವ ದಿನವಾದರೂ ಬರಬಹುದು.

ದಿನ ಯಾವುದೇ ಆಗಿರಲಿ, ಸಭಾಪಾಲಕನಾದ ನನಗೆ ಪ್ರತಿ ಈಸ್ಟರಿನಲ್ಲಿಯೂ ನೆನಪಾಗುವವಳು ಮಗ್ದಲದ ಮರಿಯಳು. ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿಯ ಸಮಾಧಿಯ ಬಳಿಗೆ ಬಂದ ಆಕೆ, ಕಲ್ಲು ಸರಿದಿರುವುದನ್ನು ಕಂಡು ಅಳುತ್ತ ನಿಂತಳು. ತನ್ನ ಹೆಸರು ಹಿಡಿದು ಕರೆದ ದನಿಯನ್ನು ಕೇಳಿದ ಮೇಲೆಯೇ ಆಕೆಗೆ ತನ್ನ ಗುರುವಿನ ಗುರುತು ಸಿಕ್ಕಿತು. ಕಣ್ಣೀರಿನ ನಡುವೆಯೂ ಆ ಕರೆಗೆ ಕಿವಿಗೊಟ್ಟು ನಿಲ್ಲುವುದನ್ನೇ ನಾನು ವಿಶ್ವಾಸವೆಂದು ನಂಬಿದ್ದೇನೆ.