ಚಳಿಗಾಲದಲ್ಲಿ ಕಡಲಂಚಿನ ಮೀನು

ಕೆರೆಯ ಮೇಲ್ಭಾಗ ಹೆಪ್ಪುಗಟ್ಟಿದರೂ ತಳದಲ್ಲಿ 4 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯ ನೀರಿರುವುದರಿಂದ ಮೀನುಗಳು ಬದುಕುವುವೆಂದು ನಾವು ಕಲಿತಿದ್ದೇವೆ. ಕಡಲಿಗೂ ಈ ನಿಯಮ ಅನ್ವಯಿಸುವುದೇ? ಇಲ್ಲ. ಕಡಲನೀರು ಹೆಪ್ಪುಗಟ್ಟುವವರೆಗೂ, ಎಂದರೆ ಸೊನ್ನೆಗಿಂತ ಸುಮಾರು 1.9 ಡಿಗ್ರಿ ಕೆಳಗಿನವರೆಗೂ, ತಣಿದಷ್ಟೂ ಸಾಂದ್ರವಾಗಿ ಕೆಳಗಿಳಿಯುತ್ತಲೇ ಇರುತ್ತದೆ.

ಆದರೂ ಆಳವೇ ಮೀನಿಗೆ ಆಶ್ರಯ. ಶಾಖವು ನಷ್ಟವಾಗುವುದು ಮುಖ್ಯವಾಗಿ ಮೇಲ್ಮೈಯಿಂದ. 1 ಮೀಟರ್ ಆಳದ ನೀರನ್ನು 4 ಡಿಗ್ರಿ ತಣಿಸುವ ಶಾಖನಷ್ಟವು 4 ಮೀಟರ್ ಆಳದ ನೀರನ್ನು ತಣಿಸುವುದು ಕೇವಲ 1 ಡಿಗ್ರಿಯಷ್ಟು. ಆದುದರಿಂದಲೇ ಅಮೆರಿಕದ ಟೆಕ್ಸಾಸ್ ತೀರದಲ್ಲಿ ಶೀತಗಾಳಿ ಬೀಸಿದಾಗ ಮೀನುಗಳು ಆಳವಿಲ್ಲದ ಹಿನ್ನೀರನ್ನು ತೊರೆದು, ಹಡಗುಗಾಲುವೆಗಳಿಗೂ ಆಳದ ಮಡುಗಳಿಗೂ ಸರಿಯುತ್ತವೆ. ಅಲ್ಲಿಗೆ ತಲುಪಲಾರದವು ಮರಗಟ್ಟಿ ಸಾಯುವುದುಂಟು. 2021ರ ಫೆಬ್ರವರಿಯಲ್ಲಿ ಹೀಗೆ ಕನಿಷ್ಠ 38 ಲಕ್ಷ ಮೀನುಗಳು ಸತ್ತುವೆಂದು ಅಂದಾಜು ಮಾಡಲಾಯಿತು.

ಮಡುವಿನಲ್ಲಿ ಜಡವಾಗಿ ಗುಂಪುಗೂಡಿದ ಮೀನನ್ನು ಹಿಡಿಯುವುದು ಬಲು ಸುಲಭ. ಆದರೆ ಮುಂದಿನ ಸಂತತಿ ಹುಟ್ಟಬೇಕಾದುದು ಬದುಕುಳಿದ ಆ ಮೀನುಗಳಿಂದಲೇ ಅಲ್ಲವೇ? ಅದಕ್ಕಾಗಿ ಕಡುಚಳಿಯ ದಿನಗಳಲ್ಲಿ ಇಂಥ ತಾಣಗಳಲ್ಲಿ ಮೀನುಗಾರಿಕೆಯನ್ನು ಅಲ್ಲಿಯ ಸರ್ಕಾರ ತಾತ್ಕಾಲಿಕವಾಗಿ ನಿಷೇಧಿಸಬಲ್ಲುದು. ನೀರು ಮತ್ತೆ ಬೆಚ್ಚಗಾದ ಮೇಲೆ ಗಾಳ ಹಾಕಲು ಅಡ್ಡಿಯಿಲ್ಲ.