ಹಬ್ಬ: ಕಾಲದ ಗಿಣ್ಣು

ಹಬ್ಬವೆಂದರೆ ಹೋಳಿಗೆ, ಹೊಸ ಬಟ್ಟೆ, ಕಾಲೇಜಿಗೆ ರಜ, ಇಷ್ಟೇ ಎಂದು ನಾನೂ ಬಹುಕಾಲ ತಿಳಿದಿದ್ದೆ. ಅದರ ಹುಟ್ಟನ್ನು ಕುರಿತು ಯೋಚಿಸುವಂತೆ ಮಾಡಿದುದು ನಮ್ಮ ಮನೆಯಲ್ಲಿ ಎದ್ದ ಒಂದು ಸಣ್ಣ ವಿವಾದ. ತಾಳಗುಂದದ ಸಮೀಪವಿರುವ ನಮ್ಮ ಗದ್ದೆಗೆ ಅಡಿಕೆ ಬಂತು, ಭತ್ತ ಹೋಯಿತು. ಆಶ್ವಯುಜ ಮಾಸದ ಭೂಮಿ ಹುಣ್ಣಿಮೆ ಹತ್ತಿರವಾದಾಗ ಅಣ್ಣ ಕೇಳಿದ: “ಹೊಡೆ ತುಂಬಿದ ಭತ್ತವೇ ಇಲ್ಲದ ಮೇಲೆ ಬಯಕೆಯೂಟ ಯಾರಿಗೆ?” ಅಜ್ಜಿ ಮಾತಾಡಲಿಲ್ಲ. ಓದಿದವನೆಂದು ಎಲ್ಲರೂ ನನ್ನ ಮುಖ ನೋಡಿದರು, ನನ್ನಲ್ಲಿಯೂ ಉತ್ತರವಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಸಹಪಾಠಿಗಳ ಮುಂದಿಡುವುದಷ್ಟೇ ಈ ಲೇಖನದ ಉದ್ದೇಶ.

ಮೊದಲು ಪದದಿಂದಲೇ ಹೊರಡೋಣ. ಹಳಗನ್ನಡದ ‘ಪಾಲ್’ ಹಾಲಾದಂತೆ, ‘ಪುಲಿ’ ಹುಲಿಯಾದಂತೆ, ‘ಪಬ್ಬ’ವು ಹಬ್ಬವಾಯಿತು. ಪಬ್ಬದ ಮೂಲ ಸಂಸ್ಕೃತದ ‘ಪರ್ವ’. ಪರ್ವವೆಂದರೆ ಗಿಣ್ಣು, ಕಬ್ಬಿನಲ್ಲಿ, ಬಿದಿರಿನಲ್ಲಿ ಒಂದು ಗಣಿಕೆ ಮುಗಿದು ಇನ್ನೊಂದು ತೊಡಗುವ ಸಂಧಿ. ಕಾಲಕ್ಕೂ ಹಾಗೆಯೇ ಗಿಣ್ಣುಗಳುಂಟು. ಅಮಾವಾಸ್ಯೆ, ಹುಣ್ಣಿಮೆ, ಸಂಕ್ರಾಂತಿ, ಋತುಗಳ ಬದಲಾವಣೆ, ಇವೇ ಆ ಗಿಣ್ಣುಗಳು. ಅಲ್ಲಿ ಮನುಷ್ಯನು ಒಂದು ಕ್ಷಣ ನಿಂತನು. ಆ ನಿಲುಗಡೆಯೇ ಹಬ್ಬ.

ಈ ಮಾತಿಗೆ ಸಾಕ್ಷಿ ನಮ್ಮ ತಾಳಗುಂದದಲ್ಲಿಯೇ ಇದೆ. ಪ್ರಣವೇಶ್ವರ ದೇವಾಲಯದ ಮುಂದಿನ ಕಲ್ಲುಕಂಬದ ಮೇಲೆ ಐದನೆಯ ಶತಮಾನದ ಸಂಸ್ಕೃತ ಕಾವ್ಯವೊಂದಿದೆ. ಕದಂಬ ದೊರೆ ಶಾಂತಿವರ್ಮನ ಕಾಲದಲ್ಲಿ ಅದನ್ನು ರಚಿಸಿ ಕಲ್ಲಿನ ಮೇಲೆ ಬರೆದವನು ಕುಬ್ಜ ಕವಿ. ಮಯೂರಶರ್ಮನು ಕಂಚಿಗೆ ಓದಲು ಹೋದುದು, ಅಲ್ಲಿ ಪಲ್ಲವರೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಕತ್ತಿ ಹಿಡಿದುದು, ಇವು ನಮಗೆಲ್ಲ ಪಾಠದಲ್ಲಿ ಬಂದಿವೆ. ಆದರೆ ಯುದ್ಧದ ಕಥೆಗೆ ಮುನ್ನ ಕವಿಯು ಆ ಮನೆತನದ ಬಾಳನ್ನು ವರ್ಣಿಸಿರುವುದನ್ನು ನಾವು ಗಮನಿಸುವುದು ಕಡಮೆ. ಮನೆಯ ಹತ್ತಿರ ಒಂದು ಕದಂಬವೃಕ್ಷ. ಅದರಿಂದಲೇ ವಂಶಕ್ಕೆ ಹೆಸರು. ಆ ಮನೆಗಳಲ್ಲಿ ಚಾತುರ್ಮಾಸ್ಯ, ಹೋಮ, ಶ್ರಾದ್ಧ ಮೊದಲಾದವು ನಡೆಯುತ್ತಿದ್ದುವೆಂದು ಹೇಳುವಲ್ಲಿ ‘ಪಾರ್ವಣ’ ಎಂಬ ಪದವೂ ಬರುತ್ತದೆ. ನಮ್ಮ ‘ಹಬ್ಬ’ದ ಪೂರ್ವಜ ಅದೇ ಕಲ್ಲಿನಲ್ಲಿ ಕೂತಿದ್ದಾನೆ! ಚಾತುರ್ಮಾಸ್ಯವೋ, ನಾಲ್ಕು ನಾಲ್ಕು ತಿಂಗಳಿಗೊಮ್ಮೆ ವಸಂತ, ಮಳೆ, ಶರತ್ತುಗಳ ಸಂಧಿಯಲ್ಲಿ ಮಾಡುವ ಯಾಗ. ಜೊತೆಗೆ, ಆ ಮನೆಗಳಲ್ಲಿ ಅತಿಥಿಗಳು ನಿತ್ಯವೂ ಇರುತ್ತಿದ್ದರೆಂದು ಕವಿ ಹೇಳುತ್ತಾನೆ.

ಕಾಲದ ಗಿಣ್ಣನ್ನು ಗುರುತಿಸಿದವರು ನಾವು ಮಾತ್ರವೇ ಅಲ್ಲ. ಭೂಮಿ ಹುಣ್ಣಿಮೆಯ ಆಸುಪಾಸಿನಲ್ಲಿಯೇ ಯೆಹೂದ್ಯರು ತಿಶ್ರಿ ಮಾಸದ ಹದಿನೈದರಿಂದ ‘ಸುಕ್ಕೋತ್’ ಎಂಬ ಪರ್ಣಕುಟಿಗಳ ಹಬ್ಬವನ್ನು ಆಚರಿಸುತ್ತಾರೆ. ಅದು ಫಸಲು ಕೂಡಿಸುವ ಕಾಲದ ಹಬ್ಬ. ಚೀನೀಯರೂ ಕೊರಿಯದವರೂ ತಮ್ಮ ಎಂಟನೆಯ ತಿಂಗಳ ಹುಣ್ಣಿಮೆಯಂದು ಶರತ್ಕಾಲದ ಚಂದ್ರನ ಹಬ್ಬ ಮಾಡುತ್ತಾರೆ. ಪಾರಸೀಕರ ನವರೋಜ್ ಹಗಲಿರುಳು ಸಮವಾಗುವ ಮಾರ್ಚಿ ತಿಂಗಳಿನ ದಿನ. ಚಾಂದ್ರವರ್ಷಕ್ಕೆ ಸುಮಾರು 354 ದಿನ, ಸೌರವರ್ಷಕ್ಕೆ 365. ನಡುವಿನ ಹನ್ನೊಂದು ದಿನಗಳ ಕೊರತೆಯನ್ನು ನಾವು ಅಧಿಕಮಾಸದಿಂದ ತುಂಬುತ್ತೇವೆ. ಮುಸಲ್ಮಾನರು ಅಧಿಕಮಾಸ ಹಾಕುವುದಿಲ್ಲವಾದ್ದರಿಂದ ರಂಜಾನ್ ವರ್ಷವರ್ಷಕ್ಕೂ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ.

ಇಲ್ಲಿ ಅಣ್ಣನ ಪ್ರಶ್ನೆ ಮತ್ತೆ ಎದುರಾಗುತ್ತದೆ. ಹುಟ್ಟಿದ ಕಾರಣ ತಪ್ಪಿಹೋದರೆ ಹಬ್ಬ ಉಳಿಯಬಹುದೆ? ಮಕರ ಸಂಕ್ರಾಂತಿಯನ್ನೇ ನೋಡಿ. ಒಂದು ಕಾಲಕ್ಕೆ ಅದು ಉತ್ತರಾಯಣ ತೊಡಗುವ ದಿನವೇ ಆಗಿತ್ತು. ಭೂಮಿಯ ಅಕ್ಷವು ನಿಧಾನವಾಗಿ ತಿರುಗುವುದರಿಂದ ಸೂರ್ಯನು ಈಗ ಡಿಸೆಂಬರ್ 21 ಅಥವಾ 22ಕ್ಕೇ ಉತ್ತರಕ್ಕೆ ಹೊರಳುತ್ತಾನೆ; ನಾವು ಎಳ್ಳುಬೆಲ್ಲ ಬೀರುವುದು ಜನವರಿ 14 ಅಥವಾ 15ರಂದು. ಗಣಿತದ ಪ್ರಕಾರ ಗಿಣ್ಣು ಜಾರಿದೆ. ಎಳ್ಳುಬೆಲ್ಲ ಮಾತ್ರ ಜಾರಿಲ್ಲ. ತಾಳಗುಂದದ ಕಲ್ಲು ಹೇಳುವ ಚಾತುರ್ಮಾಸ್ಯ ಇಂದು ನಮ್ಮ ಮನೆಗಳಲ್ಲಿ ಇಲ್ಲ, ಅತಿಥಿ ಇದ್ದಾನೆ. ದಿನವನ್ನು ಕೊಟ್ಟುದು ಋತು. ಆದರೆ ಅದನ್ನು ಉಳಿಸಿದ್ದು ಹಂಚಿಕೊಂಡು ಉಣ್ಣುವ ಪದ್ಧತಿ ಎಂದು ನನಗೆ ತೋರುತ್ತದೆ.

ಆ ವರ್ಷ ನಮ್ಮ ಮನೆಯಲ್ಲಿ ನಡೆದುದನ್ನು ಹೇಳಿ ಮುಗಿಸುತ್ತೇನೆ. ಅಜ್ಜಿ ಯಾರನ್ನೂ ಕೇಳದೆ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯ ಗೆರೆಗಳಿಂದ ಚಿತ್ತಾರ ಬರೆದಳು. ರಾತ್ರಿಯೆಲ್ಲ ಬಗೆಬಗೆಯ ಸೊಪ್ಪು ತರಕಾರಿ ಬೆಂದುವು. ಬೆಳಗಿನ ಜಾವ ಅಣ್ಣನೇ ಗೊಣಗುತ್ತ ಬುಟ್ಟಿ ಹೊತ್ತ. ಅಜ್ಜಿ ನಮ್ಮ ಅಡಿಕೆ ತೋಟವನ್ನು ದಾಟಿ ನೆರೆಯವರ ಗದ್ದೆಗೆ ನಡೆದಳು. ಅಲ್ಲಿ ಭತ್ತ ಹೊಡೆಯೊಡೆದು ನಿಂತಿತ್ತು. “ಇದು ನಮ್ಮದಲ್ಲವಲ್ಲ ಅಜ್ಜಿ” ಎಂದೆ. “ನೆಲ ಯಾರದಾದರೇನು, ಬಸುರಿ ಬಸುರಿಯೇ” ಎಂದು ಅವಳು ಪೈರಿಗೆ ಕರಿಮಣಿ ಕಟ್ಟಿದಳು. ನೆರೆಯವರು ತಮ್ಮ ಎಡೆಯ ಪಕ್ಕದಲ್ಲಿ ನಮ್ಮ ಎಡೆಗೂ ಜಾಗ ಬಿಟ್ಟರು. ಕಾಗೆಗೆ ಒಂದು ಪಾಲಿಟ್ಟು ಎರಡು ಮನೆಯವರೂ ಒಂದೇ ಬದುವಿನ ಮೇಲೆ ಕೂತು ಉಂಡೆವು.

ಅಣ್ಣ ಮತ್ತೆ ಆ ಪ್ರಶ್ನೆಯನ್ನು ಕೇಳಲಿಲ್ಲ. ಆದರೆ ಆ ನೆರೆಯವರೂ ಅಡಿಕೆ ಹಾಕಿದ ವರ್ಷ ಅಜ್ಜಿ ಎಲ್ಲಿಗೆ ನಡೆದಾಳು ಎಂದು ನಾನು ಕೇಳಿಕೊಳ್ಳುತ್ತಲೇ ಇದ್ದೇನೆ.