ಗ್ರಂಥಸ್ಥ ಸ್ಥಳನಾಮಗಳೂ ಭೂಪಟವೂ

ಪ್ರಾಚೀನ ಗ್ರಂಥಗಳಲ್ಲಿ ದೊರೆಯುವ ಊರನ್ನು ಭೂಪಟದಲ್ಲಿ ಚುಕ್ಕಿಯಾಗಿ ಗುರುತಿಸಿದಷ್ಟಕ್ಕೆ ಕೆಲಸ ಮುಗಿಯದು. ಅದು ಯಾವ ನಾಡಿನೊಳಗಿತ್ತೆಂಬುದನ್ನೂ ಕಾಣಿಸಬೇಕು. ಕ್ರಿ.ಶ. 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನ ಹುಟ್ಟೂರು ಮುದುವೊಳಲು, ಬೆಳುಗಲಿ 500ರ ಒಳಗಣ ಜಂಬುಖಂಡಿ 70ಕ್ಕೆ ಸೇರಿತ್ತು. ಮುಧೋಳವೆಂಬ ಊರು ತೆಲಂಗಾಣದ ನಿರ್ಮಲ್ ಜಿಲ್ಲೆಯಲ್ಲಿಯೂ ಉಂಟು. ಜಮಖಂಡಿಯ ನೆರೆಯ ಮುಧೋಳವೇ ಕವಿಯದೆಂದು ನಿಶ್ಚಯಿಸಲು ಈ ನಾಡಹೆಸರು ಬಲವಾದ ಆಧಾರ. ಇಂದಿನ ಜಿಲ್ಲೆಯನ್ನು ಮಾತ್ರ ಬರೆದರೆ ಆ ಆಧಾರ ಕೈತಪ್ಪುತ್ತದೆ. ಜಿಲ್ಲೆಯಾದರೂ ಸ್ಥಿರವೇ? 1997ರವರೆಗೆ ವಿಜಾಪುರ, ಅನಂತರ ಬಾಗಲಕೋಟೆ. ಆದುದರಿಂದ ಎರಡು ಸರಣಿಗಳನ್ನು ಕಾಲಸಹಿತವಾಗಿ ನಮೂದಿಸುವುದು ಲೇಸು: ಮುದುವೊಳಲು, ಜಂಬುಖಂಡಿ, ಬೆಳುಗಲಿ ಎಂಬುದೊಂದು, ಮುಧೋಳ, ಬಾಗಲಕೋಟೆ, ಕರ್ನಾಟಕ ಎಂಬುದಿನ್ನೊಂದು. 70, 500 ಎಂಬ ಅಂಕಿಗಳನ್ನು ಗ್ರಾಮಸಂಖ್ಯೆಯೆಂದು ತಿಳಿಯುವುದು ರೂಢಿ. ಅವುಗಳಿಂದ ಗಡಿರೇಖೆಯನ್ನಂತೂ ಎಳೆಯಲಾಗದು.